ತಂಬಿಗೆ ಮೇಲಿನ ಹೆಸರು

ಪುಕ್ಕಟೆ ಬಂದದ್ದನ್ನು ಒಳಗೆ ಬಿಟ್ಟುಕೊಂಡ ಅಂಗಡಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನದು ಸ್ಟೀಲ್ ಪಾತ್ರೆ ವ್ಯಾಪಾರ. ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಕೆತ್ತಿಸದೆ ಹೋಗುವುದಿಲ್ಲ. ಈ ಬೇಸಿಗೆಯಲ್ಲಿ ಆ ಕೆಲಸಕ್ಕೆ, ಪ್ರೋಗ್ರಾಂ ಬರೆದು ಪುಕ್ಕಟೆ ಹಂಚುವ ಓಪನ್ ಸೋರ್ಸ್‌ನವರು ಬಂದರು.

ಬಾಡಿಗೆ

ಬಂದವರು ಇಬ್ಬರು. ಒಬ್ಬರು ಸೀವುಡ್ಸ್‌ನ ಮೆಂಟರ್, ಉಡುಪಿ ಕಡೆಯವರು. ರಜೆಯಲ್ಲಿ ವಿದ್ಯಾರ್ಥಿಗಳಿಗೆ ಪುಕ್ಕಟೆ ಕೋಡಿಂಗ್ ಕಲಿಸುತ್ತಾರೆ. ಇನ್ನೊಬ್ಬಳು ಅವರ ಶಿಷ್ಯೆ, ಇಲ್ಲೇ ದಿವಾ ಸ್ಟೇಷನ್ ಕಡೆಯ ಹುಡುಗಿ. ತಂದೆತಾಯಿ ಕಲಬುರಗಿಯವರು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಹೆಸರನ್ನು ಮಿಷನ್ ತಾನೇ ಕೆತ್ತಬೇಕು, ಅದು ಅವಳ ಬೇಸಿಗೆ ಕೆಲಸ. ನಿಜವಾದ ಗಿರಾಕಿ ಒಪ್ಪಿದರೆ ಪಾಸು, ಇಲ್ಲದಿದ್ದರೆ ಫೇಲು.

"ಅಣ್ಣ, ನಿಮ್ಮ ಮಿಷನ್ ಬೇಕಿತ್ತು," ಎಂದರು ಮೆಂಟರ್.

"ಬಾಡಿಗಿ?"

"ಓಪನ್ ಸೋರ್ಸ್ ಮಾರಾಯ್ರೇ! ಇಲ್ಲಿ ಯಾರೂ ಯಾರಿಂದಲೂ ಏನೂ ತಗೊಳ್ಳುವುದಿಲ್ಲ."

ಅಷ್ಟು ಹೇಳಿ ನನ್ನ ಲೆಕ್ಕದಲ್ಲಿ ಎರಡನೇ ಚಹಾ ತರಿಸಿಕೊಂಡರು.

ಪಾಯಸ

ಅವರ ಗುಂಪಿನಲ್ಲಿ ದೇಶವಿದೇಶದವರೆಲ್ಲ ಇದ್ದಾರೆ. ಆನ್‌ಲೈನ್ ಮೀಟಿಂಗಿನಲ್ಲಿ ಒಬ್ಬ ಜರ್ಮನಿಯವ ಕೇಳಿದ, ಪಾತ್ರೆ ಮೇಲೆ ಹೆಸರು ಯಾಕೆ ಅಂತ. ಪಾಯಸ ಹಾಕಿ ಪಕ್ಕದ ಮನೆಗೆ ಕೊಟ್ಟರೆ ಪಾತ್ರೆ ತಿರುಗಿ ಬರಬೇಕಲ್ಲ, ಎಂದೆ. ಮೆಂಟರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ತಲೆದೂಗಿದರು. ಮುಂದಿನ ವಾರ ನೋಡಿದರೆ, ಪಿನ್ ಕೋಡ್ ತುಂಬದೆ ಮಿಷನ್ ಕದಲುವುದೇ ಇಲ್ಲ!

"ಏನವ್ವಾ ಇದು?"

"ರಿಟರ್ನ್ ಅಡ್ರೆಸ್ ಕೆ ಲಿಯೆ, ಕಾಕಾ. ಸಬ್ ನೆ ವೋಟ್ ಕಿಯಾ."

"ಪಾಯಸ ಎದುರಿನ ಬಾಗಿಲಿಗೆ ಹೋಗ್ತದವ್ವಾ, ಸ್ಪೀಡ್ ಪೋಸ್ಟಿಗಲ್ಲ!"

ರಿವ್ಯೂ

ಪಿನ್ ಕೋಡ್ ತೆಗೆಸಿದ ಮೇಲೆ "ಆತೇನವ್ವಾ?" ಅಂದರೆ, "ಹೋ ಗಯಾ ಕಾಕಾ, ಸರ್ ಕಾ ರಿವ್ಯೂ ಬಾಕಿ ಹೈ." ಮೆಂಟರನ್ನು ಕೇಳಿದರೆ, "ಕಮೆಂಟ್ ಹಾಕಿದ್ದೇನೆ ಅಣ್ಣ, ಅವಳ ಉತ್ತರಕ್ಕೆ ಕಾಯ್ತಾ ಇದ್ದೇನೆ." ಇಬ್ಬರೂ ಕೂತದ್ದು ಒಂದೇ ಬೆಂಚಿನ ಮೇಲೆ.

"ಬಾಯಿಲೆ ಕೇಳ್ರಲಾ!"

"ಆಗುವುದಿಲ್ಲ ಅಣ್ಣ. ಗುಂಪಿನಲ್ಲೇ ಬರೆಯಬೇಕು, ಎಲ್ಲರಿಗೂ ಕಾಣಬೇಕು."

ಕಮೆಂಟ್ ಇಷ್ಟೇ: ಪ್ರತಿ ಫೈಲಿನ ಕೊನೆಯಲ್ಲೂ ಲೈಸೆನ್ಸಿನ ಒಕ್ಕಣೆ, ಅಂದರೆ ಬಳಸುವವರಿಗೆ ಹಾಕುವ ಷರತ್ತು, ಇರಬೇಕು, ಕನ್ನಡದಲ್ಲಿ, ಒಂದು ಫೈಲನ್ನೂ ಬಿಡಬಾರದು. ಹುಡುಗಿ ಫೋನಿನಲ್ಲಿ "ಓಕೆ ಸರ್" ಎಂದು ಬರೆದಳು. ಪಕ್ಕದಲ್ಲೇ ಮೆಂಟರ್ ಫೋನು ಟಿಣ್ ಎಂದಿತು.

"ಅಣ್ಣ, ಉತ್ತರ ಬಂತು!" ಎಂದು ಹಿಗ್ಗಿದರು, ದುಬೈಯಿಂದ ತಮ್ಮನ ಫೋನು ಬಂದ ಹಾಗೆ.

ಮದುವೆ

ಮೆಂಟರ್ ಗುಂಪಿಗೆ ಕೊನೆಯ ವರದಿ ಕಳಿಸಲು ಒಂದೇ ದಿನ ಉಳಿದಿತ್ತು. ಅಂಬರನಾಥದ ಹೋಟೆಲಿನವರು ಮಗಳ ಮದುವೆಗೆ, ಗಂಡಿನ ಕಡೆಯವರಿಗೆ ಕೊಡಲು ತಂಬಿಗೆ ಹೇಳಿದ್ದರು. ಹುಡುಗಿ ವಧೂವರರ ಹೆಸರಿನ ಫೈಲ್ ಹಾಕಿ ಬಟನ್ ಒತ್ತಿದಳು. ನಾನು ಗಲ್ಲಾಪೆಟ್ಟಿಗೆ ಮುಂದಿದ್ದೆ. ಎಲ್ಲ ಕೆತ್ತಿ ಮುಗಿದ ಮೇಲೆ ಹೋಟೆಲಿನ ಗಂಡಹೆಂಡತಿ ಬಂದರು. ಹೆಂಡತಿ ಒಂದನ್ನು ಎತ್ತಿ ಗಟ್ಟಿಯಾಗಿ ಓದಿದರು. ಮೇಲೆ ಮಗಳು, ಅಳಿಯನ ಹೆಸರು. ಕೆಳಗೆ:

"ಇದನ್ನು ಇದ್ದ ಹಾಗೆಯೇ ಕೊಡಲಾಗಿದೆ. ಯಾವ ಗ್ಯಾರಂಟಿಯೂ ಇಲ್ಲ. ಮುಂದಾಗುವುದಕ್ಕೆಲ್ಲ ಬಳಸುವವರೇ ಹೊಣೆ."

ಒಂದು ಫೈಲನ್ನೂ ಬಿಡಬಾರದು ಅಂದಿದ್ದರಲ್ಲ, ಹುಡುಗಿ ವಧೂವರರ ಹೆಸರಿನ ಫೈಲನ್ನೂ ಬಿಟ್ಟಿರಲಿಲ್ಲ, ಮಿಷನ್ ಒಕ್ಕಣೆಯನ್ನೂ ಕೆತ್ತಿತ್ತು.

"ಕಾಕಾ, ಮೈ ತೋ ಫೇಲ್," ಎಂದಳು. ನನ್ನ ಕಣ್ಣಿಗೆ ಗುಜರಿಗೆ ಹೋಗುವ ತಂಬಿಗೆಗಳೇ ಕಂಡವು. ಹೋಟೆಲಿನವರು ಕೂಗಲು ಬಾಯಿ ತೆರೆದರು, ಹೆಂಡತಿ ತಡೆದರು.

"ನೀವು ಸುಮ್ಮನಿರಿ. ಇದೇ ಇರಲಿ. ಗಂಡಿನ ಕಡೆಯವರು ಓದಿಯೇ ತಗೊಳ್ಳಲಿ. ನಾಳೆ ನಮ್ಮ ಮಗಳಿಗೆ ಅಡುಗೆ ಬರುವುದಿಲ್ಲ ಅಂತ ನಮ್ಮ ಬಾಗಿಲಿಗೆ ಬರ್ಲಿಕ್ಕಿಲ್ಲ!"

ಒಂದೂ ಬಿಡದೆ ಒಯ್ದರು. ಹುಡುಗಿ ಪಾಸು. ಮೆಂಟರ್ ವರದಿಯಲ್ಲಿ ಹೆಮ್ಮೆಯಿಂದ ಬರೆದರಂತೆ: "ನಮ್ಮ ಲೈಸೆನ್ಸನ್ನು ಪೂರ್ತಿ ಓದಿ ಒಪ್ಪಿಕೊಂಡ ಮೊದಲ ಗಿರಾಕಿ."