ಮುಖ ತೋರಿಸದ ಗಿರಾಕಿಯ ಕೋಟು

ಮಾಸ್ತರ: ಗಿರಾಕಿ ಮುಖ ನೋಡದೆ ಕೋಟಿನ ಬಟ್ಟೆಗೆ ಕತ್ತರಿ ಹಾಕಲ್ಲ ಅಂದ್ರೆ ಹಾಕಲ್ಲ!

ಯಜಮಾನ: ಮುಖಕ್ಕೇನು ಕೋಟು ಹೊಲೀತೀಯೇನೋ? ಅಳತೆ ಚೀಟಿ ಇದೆಯಲ್ಲ, ಕತ್ತರಿಸು!

ಹದಿನೆಂಟು ವರ್ಷ ಈ ಹೊಲಿಗೆ ಅಂಗಡಿಯಲ್ಲಿ ದುಡಿದ ಮಾಸ್ತರ ಮೂರು ದಿನ ಕಳೆದರೆ ಹಿಂದಿನ ಬೀದಿಯಲ್ಲಿ ಸ್ವಂತ ಅಂಗಡಿ ತೆರೆಯುವವನು. ಅವನಿಗೊಂದು ಕೋಟು ತೊಡಿಸಿ ಪ್ರೀತಿಯಿಂದ ಕಳಿಸಬೇಕೆಂದು ಯಜಮಾನನ ಆಸೆ. ಆದರೆ ಕೋಟು ಕತ್ತರಿಸಲು ಬರುವುದು ಆ ಮಾಸ್ತರನೊಬ್ಬನಿಗೇ. ಯಜಮಾನ ಕತ್ತರಿಸಿದರೆ ಕೋಟು ಹೋಗಿ ಚೀಲವಾದೀತು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಂಬಿ, ಮಾಸ್ತರನ ಅಂಗಿಯಿಂದಲೇ ಅಳತೆ ಕದ್ದು ಅವನ ಮುಂದೆಯೇ ಇಟ್ಟಿದ್ದ.

ಮಾಸ್ತರ: ಇದೇನಣ್ಣಾ ಅಳತೆ! ಎಡ ಭುಜ ಮುಕ್ಕಾಲು ಇಂಚು ಇಳಿದಿದೆ. ಮನುಷ್ಯನೋ, ಕೆಟ್ಟ ತಕ್ಕಡಿಯೋ?

ಯಜಮಾನಿ (ಗುಂಡಿ ಹೊಲಿಯುತ್ತಾ): ಬಗ್ಗಿ ಬಗ್ಗಿ ದುಡಿದ ಭುಜ ಕಣಪ್ಪಾ.

ಮಾಸ್ತರ: ಹೊಟ್ಟೆ ಸುತ್ತಳತೆ ನೋಡಿದ್ರೆ ದುಡಿದ ಹಾಗಿಲ್ಲ ಅತ್ತಿಗೆ.

ಯಜಮಾನ: ಹೊಟ್ಟೆ ಸುದ್ದಿ ಬಿಡು! ಆಳು ಅಪ್ಪಟ ಚಿನ್ನ.

ಮಾಸ್ತರ: ನನಗೊಂದು ದಿನ ತಗಡು ಅಂತಾನೂ ಅಂದವರಲ್ಲ ನೀವು! ಇವನಲ್ಲಿ ಅಂಥದ್ದೇನಿದೆ?

ಯಜಮಾನ: ನಂಬಿಕಸ್ಥ. ಕೈ ಇಟ್ಟ ಕೆಲಸ ಕೆಡಿಸಿದವನಲ್ಲ. ಅಂಥವನು ಇನ್ನೊಬ್ಬ ಸಿಗಲ್ಲ.

ಮಾಸ್ತರ: ಓಹೋ, ನನ್ನ ಜಾಗಕ್ಕೆ ಬರೋನು! ನಾನಿನ್ನೂ ಹೊಸ್ತಿಲು ದಾಟಿಲ್ಲ, ಅಷ್ಟರಲ್ಲೇ ಅವನಿಗೆ ಕೋಟು!

ಯಜಮಾನ ಇಂಗು ತಿಂದ ಮಂಗನಂತಾದ. ನಿಜ ಹೇಳುವಂತಿಲ್ಲ, ಮುನಿಸಿಕೊಂಡು ಹೋಗೆನ್ನುವಂತೆಯೂ ಇಲ್ಲ.

ಯಜಮಾನ: ಜಾಗಕ್ಕೆ ಯಾರೂ ಬರಲ್ಲ! ಇವನು... ನನಗೆ ಒಡಹುಟ್ಟಿದವನ ಹಾಗೆ. ಸಾಕಾ?

ಮಾಸ್ತರ: ತೋಳು ಕೂಡ ಉದ್ದ, ಕೋತಿ ಹಾಗೆ.

ಯಜಮಾನ: ಆ ತೋಳಿನಿಂದಲೇ ಕಣೋ ನನ್ನ ಅಂಗಡಿ ನಿಂತಿದ್ದು!

ಮೂರನೆಯ ದಿನ ಸಂಜೆ ಯಜಮಾನ ಆ ಕೋಟನ್ನು ಮಾಸ್ತರನ ಹೆಗಲಿಗೇ ಏರಿಸಿದ. ಒಂದು ಸುಕ್ಕಿಲ್ಲದೆ ಕೂತಿತು. "ನಾಳೆ ಇದನ್ನ ಹಾಕ್ಕೊಂಡೇ ಬಾಗಿಲು ತೆಗಿ" ಎನ್ನುತ್ತಾ ಅವನ ಕಾಲರು ಸರಿಮಾಡಿದ.

ಮಾಸ್ತರ: ಚೀಟೀಲಿ ಎಡ ಭುಜದ ಅಳತೆ ಓದಿದಾಗ್ಲೇ ಇದು ನನ್ನದೇ ಅಂತ ಗೊತ್ತಾಯ್ತು ಅಣ್ಣಾ.

ಯಜಮಾನ: ಮತ್ಯಾಕೋ ನನ್ನ ಪ್ರಾಣ ತಿಂದೆ?

ಮಾಸ್ತರ (ಕಣ್ಣೊರೆಸಿಕೊಂಡು): ನಾನೊಂದು ಕೊಂಕು ತೆಗೆದ್ರೆ ನೀವು ಎರಡು ಸಲ ಹೊಗಳ್ತಿದ್ರಿ. ಕೊಂಕು ತೆಗೆಯೋಕೆ ಈ ಹಾಳು ಕೋಟಿಗೆ ಇರೋದು ಎರಡೇ ತೋಳು ಅಂತ ಬೇಜಾರಾಗೋಯ್ತು!