ದೋಸೆಹಿಟ್ಟಿನ ಲಾರಿಯ ಉಸಿರು

ಡಬ್ಬದ ಮುಚ್ಚಳ ಎರಡು ಬೆರಳು ಮೇಲೆದ್ದಿತ್ತು; ಅಂಚಿನಿಂದ ಇಳಿದ ದೋಸೆಹಿಟ್ಟು ಲಾರಿಯ ಹಲಗೆಯ ಮೇಲೆ ಒಣಗಿತ್ತು. ಸೂರತ್ತಿನ ಉಧ್ನಾದಲ್ಲಿ ಹೋಟೆಲು ಇಟ್ಟಿರುವ ಶೆಟ್ರು ಅದರಲ್ಲಿ ಬೆರಳದ್ದಿ ನಾಲಿಗೆಗೆ ತಾಗಿಸಿ ಕೈ ತೊಳೆದುಕೊಂಡರಂತೆ. ಆಮೇಲೆ ವಡೋದರಾದಲ್ಲಿದ್ದ ನನ್ನ ಸೋದರಮಾವನಿಗೆ ಫೋನು ಮಾಡಿ, ಇನ್ನೊಂದು ಸಲ ಹಿಟ್ಟು ಹುಳಿ ಬಂದರೆ ತಾನೇ ಗ್ರೈಂಡರು ತರಿಸಿಕೊಳ್ಳುವುದಾಗಿ ಹೇಳಿದರು.

ಮಾವ ಕುಂದಾಪುರದ ಕಡೆಯಿಂದ ಬಂದವರು. ವಡೋದರಾದ ಫತೇಗಂಜಿನ ಹಿಂದಿನ ಒಂದು ಶೆಡ್ಡಿನಲ್ಲಿ ಹಿಟ್ಟು ರುಬ್ಬಿಸಿ, ಒಂದು ದಿನ ಅಹಮದಾಬಾದಿಗೆ, ಒಂದು ದಿನ ಸೂರತ್ತಿಗೆ, ನಮ್ಮ ಕಡೆಯವರ ಹೋಟೆಲುಗಳಿಗೆ ಹಳೆಯ ಸಣ್ಣ ಲಾರಿಯಲ್ಲಿ ಕಳಿಸುತ್ತಿದ್ದರು. ಹಿಟ್ಟು ದಾರಿಯಲ್ಲೇ ಉಬ್ಬಿ, ತಲುಪುವ ಹೊತ್ತಿಗೆ ಕಾವಲಿಗೆ ಹದವಾಗಿರಬೇಕು. ಲಾರಿ ತಡಮಾಡಿದರೆ ಹುಳಿ ತಡಮಾಡುವುದಿಲ್ಲ. ಸೂರತ್ತು ಕೈಬಿಟ್ಟರೆ ಶೆಡ್ಡನ್ನೇ ಮುಚ್ಚಬೇಕಾದೀತು ಎಂದು ಅತ್ತೆ ಪಾತ್ರೆ ಒರೆಸುತ್ತ ಹೇಳಿದರು.

ನಾನು ಅವರ ಮನೆಯಲ್ಲಿದ್ದುಕೊಂಡು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮನುಷ್ಯರನ್ನು ಪ್ರಶ್ನೆ ಕೇಳುವುದೆಂದರೆ ನನಗೆ ಸಂಕೋಚ. ಯಂತ್ರಗಳ ಜೊತೆ ಆ ತೊಂದರೆಯಿಲ್ಲ. ಅವು ತಿರುಗಿ ನಿನ್ನ ಮದುವೆ ಯಾವಾಗ ಎಂದು ಕೇಳುವುದಿಲ್ಲ. ಹಾಗಾಗಿ ಲಾರಿಯ ಕಾಯಿಲೆ ನನ್ನನ್ನು ಬಹಳ ಸೆಳೆಯಿತು. ಅದು ಡೀಸೆಲು ಕುಡಿಯುವುದು ಹೆಚ್ಚಾಗಿತ್ತು, ಎಳೆಯುವುದು ಕಡಿಮೆಯಾಗಿತ್ತು. ರೈಲ್ವೆ ಮೇಲ್ಸೇತುವೆ ಹತ್ತುವಾಗ ಕಪ್ಪು ಹೊಗೆ ಬಿಡುತ್ತ ತೆವಳುತ್ತಿತ್ತು. ಸೈಕಲ್ಲಿನವರು ಮೂಗು ಮುಚ್ಚಿಕೊಂಡು ಅದನ್ನು ದಾಟಿ ಹೋಗುತ್ತಿದ್ದರು.

ಗ್ಯಾರೇಜಿನವನು ಡೀಸೆಲು ಚಿಮ್ಮಿಸುವ ನಾಝಲ್ ತೊಳೆದ, ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲು ಹೆಚ್ಚು ಬಿಟ್ಟ. ಅಲ್ಲಿ ನಿಂತಾಗ ಇಂಜಿನ್ನು ಸಿಂಹದಂತೆ ಗರ್ಜಿಸಿತು. ಮರುದಿನ ಸೇತುವೆಯ ಮೇಲೆ ಮತ್ತೆ ಅದೇ ಹೊಗೆ, ಇನ್ನಷ್ಟು ದಟ್ಟವಾಗಿ. ಗ್ಯಾರೇಜಿನಲ್ಲಿ ಒಂದು ಸ್ವಭಾವ, ರಸ್ತೆಯಲ್ಲಿ ಇನ್ನೊಂದು: ಇಂಥ ಮನುಷ್ಯರನ್ನು ಕಂಡಿದ್ದೆ, ಇಂಜಿನ್ನನ್ನು ಕಂಡಿರಲಿಲ್ಲ. ಲೈಬ್ರರಿಯಲ್ಲಿ ಕುಳಿತು ಓದಿದೆ. ಡೀಸೆಲಿಗಿಂತ ಎಷ್ಟೋ ಪಟ್ಟು ಹೆಚ್ಚು ಗಾಳಿ ಬೇಕಂತೆ. ಗಾಳಿ ಸಾಲದಿದ್ದರೆ ಡೀಸೆಲು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ.

ಡ್ರೈವರ್ ಜೀವಣಭಾಯಿಗೆ ಬಾನೆಟ್ ಎತ್ತಲು ಹೇಳಿದೆ. ಏರ್ ಫಿಲ್ಟರಿನ ಬಾಯಿಗೆ ನಾಲ್ಕು ಮಡಿಕೆಯ ಬಿಳಿ ಬಟ್ಟೆ ಬಿಗಿಯಾಗಿ ಕಟ್ಟಿತ್ತು. ಅಂಚಿನಲ್ಲಿ ಅರಿಶಿನದ ಗುರುತು. ಕೈ ಚಾಚಿದೆ.

"ಮುಟ್ಟಬೇಡಿ ಬೇನ್, ಅದು ಶೇಠ್ ಕಟ್ಟಿದ ಹರಕೆ" ಎಂದ. ಶೇಠ್ ಎಂದರೆ ಮಾವ. ಗ್ಯಾರೇಜಿನವನೂ ಭಕ್ತನೇ. ಪ್ರತಿ ಸಲ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕೆಲಸ ಮುಗಿದ ಮೇಲೆ ಕೈ ತೊಳೆದು ಮತ್ತೆ ಕಟ್ಟುತ್ತಿದ್ದನಂತೆ. ಗರ್ಜನೆ ಅಲ್ಲಿಗಷ್ಟೇ ಏಕೆಂದು ತಿಳಿಯಿತು.

ಮಾವನನ್ನು ಕೇಳಿದೆ. "ಹರಕೆ ಎಂತದ್ದ್ ಹೆಣೆ? ಅದು ಕಾಯಿಹಾಲು ಸೋಸು ಬಟ್ಟೆ. ಉಧ್ನಾದಗೆ ಗಾಳಿ ತುಂಬ ಮಗ್ಗದ ಹತ್ತಿ. ಸೋಸ್ದೆ ಕುಡುಕೆ ಕೊಟ್ರೆ ಇಂಜಿನಿಗೆ ಎಂತ ಆತ್ತ್?"

ಮಾವ ಏನನ್ನೂ ಸೋಸದೆ ಒಳಗೆ ಬಿಡುವವರಲ್ಲ: ಕಾಫಿ, ಮಜ್ಜಿಗೆ, ನನ್ನ ಗೆಳತಿಯರು. ಸೋಸುವ ವ್ಯವಸ್ಥೆ ಫಿಲ್ಟರಿನಲ್ಲೇ ಇದೆ, ಈ ಬಟ್ಟೆ ಅದರ ಮೂಗು ಹಿಡಿದಿದೆ ಎಂದು ವಿವರಿಸಿದೆ. ಅವರು ತಾವೇ ಹೋಗಿ ಬಿಚ್ಚಿದರು. ಗ್ಯಾರೇಜಿನವನು ಬಂದು ಪಂಪಿನ ಸ್ಕ್ರೂವನ್ನೂ ಮೊದಲಿನ ಜಾಗಕ್ಕೆ ತಂದ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹರಕೆ ಮುರಿದ ಲಾರಿಯನ್ನು ನರ್ಮದಾ ಸೇತುವೆ ದಾಟಿಸುವುದಿಲ್ಲ ಎಂದು ಜೀವಣಭಾಯಿ ಕೀಲಿಕೈ ತಂದು ಮೇಜಿನ ಮೇಲಿಟ್ಟ. ಮರುದಿನವೇ ಸೂರತ್ತಿನ ಸರದಿ. ಅದು ಅಡುಗೆಮನೆಯ ಬಟ್ಟೆ ಎಂದು ಮಾವ ಎಷ್ಟು ಹೇಳಿದರೂ, ಹರಕೆಯನ್ನು ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ ಎಂದು ನಕ್ಕ. ನಾನು ನನ್ನ ಹಿಂದಿಯಲ್ಲಿ ಗಾಳಿ, ಡೀಸೆಲು, ದಹನ ಎಲ್ಲವನ್ನೂ ವಿವರಿಸಿದೆ. ತಾಳ್ಮೆಯಿಂದ ಕೇಳಿದ.

"ನೀವು ಹೇಳಿದ್ದೆಲ್ಲ ಸರಿ ಬೇನ್. ಆದರೆ ಲಾರಿ ಓಡಿಸುವವನು ನಾನು."

ನಾನು ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬ ಹುಡುಕಿದೆ.

ಮರುದಿನ ನಸುಕಿನಲ್ಲೇ ಹೊಸ ಬಟ್ಟೆಯ ತುಂಡಿಗೆ ಅರಿಶಿನ ಹಚ್ಚಿ, ಜೀವಣಭಾಯಿಯ ಕಣ್ಣೆದುರೇ ಲಾರಿಯ ಎಡಗನ್ನಡಿಯ ಸರಳಿಗೆ ಕಟ್ಟಿದೆ; ಅಲ್ಲಿ ಯಾರಿಗೂ ಉಸಿರಾಡುವ ಅಗತ್ಯವಿಲ್ಲ. ಅವನು ಕೈ ಮುಗಿದ. ನಾನೂ ಮುಗಿದೆ. ಏನು ಬೇಡಿಕೊಳ್ಳಬೇಕೋ ತಿಳಿಯದೆ ಪೂರ್ಣ ದಹನವನ್ನು ಬೇಡಿಕೊಂಡೆ. ಲಾರಿ ಹೊಗೆಯಿಲ್ಲದೆ ತಿರುವು ದಾಟಿತು.

ನಾನು ಕಾಲೇಜಿಗೆ ಹೊರಡುವ ಮೊದಲೇ ಶೆಟ್ರ ಫೋನು ಬಂತು. ಲಾರಿ ಇಷ್ಟು ಬೇಗ ಬಂದರೆ ಹೇಗೆ, ಹಿಟ್ಟಿನ್ನೂ ಉಬ್ಬಿಲ್ಲ. ಇರಲಿ, ಹೀಗೆಯೇ ಕಳಿಸುತ್ತಿರಿ, ಗ್ರೈಂಡರಿನ ಯೋಚನೆ ಬಿಟ್ಟೆ ಎಂದರಂತೆ. ಕನ್ನಡಿಯ ಹರಕೆಯೇ ಕಾರಣ ಎಂದು ಜೀವಣಭಾಯಿ ಅವರಿಗೆ ತಿಳಿಸಿದ್ದ. ತಮ್ಮ ವ್ಯಾನು ಕೂಡ ಈಚೆಗೆ ಎಳೆಯುತ್ತಿಲ್ಲ, ನಿಮ್ಮ ಸೊಸೆಯ ಕೈಯಲ್ಲಿ ಅಂಥದೊಂದು ಹರಕೆ ಬಟ್ಟೆ ಮಾಡಿಸಿ ಕಳಿಸಬಹುದೇ ಎಂದು ಶೆಟ್ರು ಕೇಳುತ್ತಿದ್ದಾರೆ ಎಂದು ಮಾವ ರಿಸೀವರನ್ನು ಅಂಗೈಯಿಂದ ಮುಚ್ಚಿ ನನ್ನ ಮುಖ ನೋಡಿದರು.

ವ್ಯಾನಿನ ಏರ್ ಫಿಲ್ಟರ್ ತೆಗೆದು ನೋಡಿಸಲು ಹೇಳಿ ಎಂದೆ. ಆಮೇಲೆ, ಅವರ ಡ್ರೈವರ್ ಎಂಥವನೋ ಏನೋ ಎಂದುಕೊಂಡು, ಅಡುಗೆಮನೆಗೆ ಹೋಗಿ ಇನ್ನೊಂದು ತುಂಡು ಬಟ್ಟೆ ಹರಿದೆ.