ಅನುದಾನದ ಆರ್ಕೆಸ್ಟ್ರಾ

ಸರ್ಕಾರದ ಅರ್ಜಿಯನ್ನು ಪೂರ್ತಿ ಓದಿ, ಅದರಲ್ಲಿ ಬರೆದದ್ದನ್ನೆಲ್ಲ ನಂಬುವ ಮನುಷ್ಯ ಇಡೀ ಐಗಳಿಯಲ್ಲಿ ಒಬ್ಬನೇ ಇದ್ದಾನೆ. ಆತ ನನ್ನ ಸೋದರಮಾವ!

ಮಾವನಿಗೆ ದ್ರಾಕ್ಷಿ ತೋಟವಿದೆ, ಆದರೆ ಜೀವವೆಲ್ಲ ಕ್ಲಾರಿನೆಟ್ಟಿನಲ್ಲಿ. ಹನ್ನೊಂದು ಮಂದಿಯ ಆರ್ಕೆಸ್ಟ್ರಾ ಕಟ್ಟಿಕೊಂಡು ಅಥಣಿಯಿಂದ ನಿಪ್ಪಾಣಿಯವರೆಗೆ ಮದುವೆಗಳಲ್ಲಿ ನುಡಿಸುತ್ತಿದ್ದ. ಡಿಜೆ ಬಂದಮೇಲೆ ಕರೆಯುವವರು ಕಡಿಮೆಯಾದರು. ಇನ್ನೇನು ಆರ್ಕೆಸ್ಟ್ರಾ ಮುಚ್ಚಬೇಕು ಎನ್ನುವಾಗ, ಸಂಗೀತ ತಲುಪದ ಜನರಿಗೆ ಅದನ್ನು ತಲುಪಿಸುವ ತಂಡಗಳಿಗೆ ಅನುದಾನವಿದೆ ಎಂದು ತಿಳಿಯಿತು. ಅರ್ಜಿಯಲ್ಲೊಂದು ಪ್ರಶ್ನೆ: 'ಸಮುದಾಯವನ್ನು ಹೇಗೆ ತಲುಪುವಿರಿ?' ಮಾವ ಬರೆದ: 'ಟೆಂಪೋದಲ್ಲಿ.'

ಮಂಜೂರಾಯಿತು!

ಮೊದಲ ಕಾರ್ಯಕ್ರಮ ಪಾಲಬಾವಿಯ ಹೊಲದಲ್ಲಿ, ಕುರಿಗಾರರಿಗಾಗಿ. ಮುಗಿದ ಮೇಲೆ ಮಾವ ಹಿರಿಯ ಕುರಿಗಾರನನ್ನು ಕೇಳಿದ, "ಹೆಂಗಿತ್ರಿ?"

"ಭಾಳ ಚಲೋ ಇತ್ರಿ. ಆದ್ರ ನಮ್ಮ ಕುರಿ ಯಾ ಕಡೆ ಓಡಿದ್ವು, ನೋಡೀರೇನು?"

ಡ್ರಮ್ಮಿನವನೂ ಟ್ರಂಪೆಟ್ಟಿನವನೂ ಸಂಜೆಯವರೆಗೆ ಕುರಿ ಹುಡುಕಿದರು. ಮಾವ ವರದಿಯಲ್ಲಿ ಬರೆದ: 'ಪ್ರೇಕ್ಷಕರು ನಡುವೆ ಚದುರಿದರೂ ಕೊನೆಗೆ ಎಲ್ಲರೂ ಮರಳಿದರು.'

ಶೇಡಬಾಳದಲ್ಲಿ ಒಬ್ಬ ಅಜ್ಜ ಮುಂದಿನ ಸಾಲಿನಲ್ಲೇ ಕುಳಿತ.

"ಯಾರ ಮದುವಿರಿ ಇದು?"

"ಯಾರದೂ ಅಲ್ರೀ ಅಜ್ಜಾ."

"ಹಂಗಾರ ಊಟ?"

"ಊಟಾನೂ ಇಲ್ರಿ."

"ಮತ್ಯಾಕ ಬಾರಸಾಕತ್ತೀರಿ?"

ಇದಕ್ಕೆ ಯಾವ ಅರ್ಜಿಯಲ್ಲಿ ಉತ್ತರವಿದೆ, ನೀವೇ ಹೇಳಿ!

ಇಂಥ ವರದಿಗಳನ್ನು ಓದಿದ ಸಾಹೇಬರೊಬ್ಬರು ಕೊನೆಯ ಕಾರ್ಯಕ್ರಮ ನೋಡಲು ಚಿಕ್ಕೋಡಿಯಿಂದ ಸ್ವತಃ ಹೊರಟರು. ಅವರಿಗೆ ಒಪ್ಪಿಗೆಯಾಗದಿದ್ದರೆ ಅನುದಾನವೂ ಇಲ್ಲ, ಆರ್ಕೆಸ್ಟ್ರಾವೂ ಇಲ್ಲ. ದೊಡ್ಡ ಸಭಾಂಗಣ ಹಿಡಿ ಎಂದು ಎಲ್ಲರೂ ಹೇಳಿದರು. ಮಾವ ನಿಯಮಾವಳಿಯನ್ನು ಮತ್ತೊಮ್ಮೆ ಓದಿದ. 'ಇದುವರೆಗೆ ಸಂಗೀತದಿಂದ ಸಂಪೂರ್ಣ ವಂಚಿತರಾದವರಿಗೆ ಆದ್ಯತೆ' ಎಂದಿತ್ತು. ಎರಡು ದಿನ ಯೋಚಿಸಿ, ತನ್ನ ಮನೆಯ ಹಿತ್ತಲಲ್ಲಿ ಆರ್ಕೆಸ್ಟ್ರಾ ಕೂಡಿಸಿ ಎದುರಿಗೆ ಒಂದೇ ಒಂದು ಕುರ್ಚಿ ಹಾಕಿದ.

"ಪ್ರೇಕ್ಷಕರು ಎಲ್ಲದಾರ್ರೀ?" ಎಂದರು ಸಾಹೇಬರು.

"ಒಳಗ ರೊಟ್ಟಿ ಬಡ್ಯಾಕತ್ತಾಳ್ರಿ."

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಾ ಇಲ್ಲಿ ಕುಂತ್ರ ಇಷ್ಟ ಮಂದಿಗೆ ರೊಟ್ಟಿ ಯಾರ ಬಡೀತಾರ್ರಿ?"

ಮಾವ ನನ್ನ ಕಡೆ ನೋಡಿದ. ಅತ್ತೆ ಕುರ್ಚಿಗೆ ಹೋದಳು, ನಾನು ಒಲೆಯ ಮುಂದೆ ಕುಳಿತೆ. ನನ್ನ ಮೊದಲ ರೊಟ್ಟಿ ಬೆಳಗಾವಿ ಜಿಲ್ಲೆಯ ನಕಾಶೆಯಂತಿತ್ತು, ಎರಡನೆಯದರಲ್ಲಿ ರಾಯಬಾಗ ಹರಿದುಹೋಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹೇಬರಿಗೆ ತಡೆಯಲಾಗಲಿಲ್ಲ. "ಏಳ್ರಿ, ಸರೀರಿ" ಎಂದು ಅಂಗಿಯ ತೋಳು ಮಡಚಿ ತಾವೇ ಕುಳಿತರು. (ಅನುದಾನ ಮುಂದುವರಿಯಿತು ಎಂದು ಈಗಲೇ ಹೇಳಿಬಿಡುತ್ತೇನೆ. 'ಪ್ರೇಕ್ಷಕರು: ಒಬ್ಬರು. ತಲುಪಿದೆ' ಎಂದು ಅವರೇ ಬರೆದುಕೊಟ್ಟರು.)

ಹಿತ್ತಲಲ್ಲಿ ಮಾವ ತನಗೆ ಬಲು ಇಷ್ಟವಾದ ರಾಗವೆತ್ತಿಕೊಂಡಿದ್ದ. ಅದು ಅರ್ಧಕ್ಕೆ ಬಂದು ಒಂದು ಕ್ಷಣ ನಿಂತದ್ದೇ ತಡ, ಅತ್ತೆ ಎದ್ದಳು.

"ಎಲ್ಲಿ ಹೊಂಟಿ?"

"ಚಾ ಇಡಾಕ. ದಿನಾ ರಿಯಾಜಿನಾಗ ಇಲ್ಲೀತನಾ ಊದಿ ಚಾ ಕೇಳ್ತೀರಲ್ಲ?"

"ಮುಗದಿಲ್ಲ, ಕೂಡು. ಇನ್ನೂ ಐತಿ."

"ಇನ್ನೂ ಐತಿ?" ಅತ್ತೆ ನಿಂತಲ್ಲೇ ನಿಂತಳು. "ಮೂವತ್ತ ವರ್ಷ ಆತು. ನಾ ಇದು ಇಷ್ಟಕ್ಕ ಮುಗೀತೈತಿ ಅಂತ ತಿಳದಿದ್ನಿ."

ಮಾವ ಕ್ಲಾರಿನೆಟ್ಟನ್ನು ತುಟಿಗಿಟ್ಟ. ಮತ್ತೆ ಇಳಿಸಿ ಅದರ ಬಾಯಿಯನ್ನು ಅಂಗಿಗೆ ಒರೆಸಿದ. ಉಳಿದ ಹತ್ತು ಮಂದಿ ತಲೆ ತಗ್ಗಿಸಿ ಕಾದರು. ಅತ್ತೆ ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಕುರ್ಚಿಯಲ್ಲಿ ಕುಳಿತಳು.

"ಊದ್ರಿ," ಎಂದಳು, "ನನಗೇನ ಅವಸರಿಲ್ಲ."